ಉರಿಯ ಮುಂದೆ ತಿರುಗುವ ಮಣಿ

ಕಾದು ಮೆತ್ತಗಾದ ಗಾಜನ್ನು ತೆಳ್ಳನೆಯ ಉಕ್ಕಿನ ಕಂಬಿಗೆ ಸುತ್ತಬೇಕು. ಕಂಬಿಯನ್ನು ಒಂದು ಕ್ಷಣವೂ ನಿಲ್ಲಿಸದೆ ತಿರುಗಿಸುತ್ತ ಗಾಜನ್ನು ದುಂಡಗೆ ತರಬೇಕು. ನಿಧಾನವಾಗಿ ಆರಿಸಿ ಕಂಬಿಯಿಂದ ಬಿಡಿಸಿದರೆ ಅದು ಮಣಿ. ಕಂಬಿ ಇದ್ದ ಜಾಗವೇ ದಾರ ಹಾಯುವ ತೂತು. ಕೈಯಿಂದ ಗಾಜಿನ ಮಣಿ ಮಾಡುವ ವಿದ್ಯೆಯನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು. ಕೈಗೆ ಹತ್ತಿಸಿಕೊಳ್ಳಲು ಮಾತ್ರ ವರ್ಷಗಳು ಬೇಕು. ಮುಂಬೈಯ ಕುರ್ಲಾದಂಥ ಉಪನಗರದಲ್ಲಿ, ಬಾಡಿಗೆಗೆ ಹಿಡಿದ ಒಂದು ಸಣ್ಣ ಗಾಳಾದಲ್ಲಿ, ಅಂದರೆ ಕೆಲಸದ ಮಳಿಗೆಯಲ್ಲಿ, ಮೇಜು, ಬರ್ನರ್ ಮತ್ತು ಪೆಟ್ಟಿಗೆಯಷ್ಟು ಗಾತ್ರದ ವಿದ್ಯುತ್ ಕುಲುಮೆ ಇಟ್ಟುಕೊಂಡು ಈ ಕೆಲಸವನ್ನು ಒಬ್ಬರೇ ಮಾಡಬಹುದು. ಒಬ್ಬರೇ ಮಾಡಬಹುದು ಎನ್ನುವುದು ಮಣಿಯ ಚರಿತ್ರೆಯಲ್ಲಿ ದೊಡ್ಡ ಬದಲಾವಣೆ. ಭಾರತದಲ್ಲಿ ಸುಮಾರು ಎರಡು ಸಾವಿರ ವರ್ಷ ಗಾಜಿನ ಮಣಿಗಳನ್ನು ಮಾಡುತ್ತ ಬಂದದ್ದು ಊರುಗಳು. ಮಣಿ ಕಲಾವಿದರು ಯಾವ ಹಾದಿಯಲ್ಲಿ ನಡೆಯಬೇಕೆಂದು ತಿಳಿಯಲು ಆ ಊರುಗಳ ಕಡೆಗೆ ಮೊದಲು ನೋಡಬೇಕು.

ಮಣಿ ಮಾಡುವ ಹಳೆಯ ಕ್ರಮಗಳಲ್ಲಿ ಮುಖ್ಯವಾದವು ಎರಡು: ಎಳೆದು ಮಾಡುವುದು, ಸುತ್ತಿ ಮಾಡುವುದು. ಎಳೆಯುವ ಕ್ರಮದಲ್ಲಿ ಮೊದಲು ಗಾಜಿನ ಕೊಳವೆ ತಯಾರಾಗುತ್ತದೆ. ಅದನ್ನು ಚೂರುಚೂರಾಗಿ ಕತ್ತರಿಸಿ, ಬೂದಿಯೊಂದಿಗೆ ಮತ್ತೆ ಬಿಸಿ ಮಾಡಿ, ಅಂಚಿನ ಚೂಪು ತೆಗೆದರೆ ಸಾಸಿವೆಯಷ್ಟರಿಂದ ಹಿಡಿದು ಕಾಳುಮೆಣಸಿನಷ್ಟರವರೆಗಿನ ಮಣಿಗಳು ರಾಶಿ ಬೀಳುತ್ತವೆ. ಪುದುಚೇರಿಯ ಪಕ್ಕದ ಅರಿಕಮೇಡು ಈ ಕ್ರಮದ ಪ್ರಾಚೀನ ಕೇಂದ್ರಗಳಲ್ಲಿ ಪ್ರಸಿದ್ಧವಾದದ್ದು. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಅಲ್ಲಿ ಅಗೆಸಿದರು. ಅಮೆರಿಕದ ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಈ ಬಗೆಯ ಪುಟ್ಟ ಮಣಿಗಳನ್ನು ಇಂಡೋ-ಪೆಸಿಫಿಕ್ ಮಣಿಗಳೆಂದು ಕರೆದರು. ಪೂರ್ವ ಆಫ್ರಿಕದ ಕರಾವಳಿಯಿಂದ ಕೊರಿಯಾ, ಜಪಾನಿನವರೆಗೆ ಇವು ಮಣ್ಣಿನಡಿಯಲ್ಲಿ ಸಿಕ್ಕಿವೆ. ದಕ್ಷಿಣ ಭಾರತದ ಕುಲುಮೆಯಲ್ಲಿ ಹುಟ್ಟಿದ ಸರಕು ಅಷ್ಟು ದೂರ, ಅಷ್ಟು ಶತಮಾನ ಓಡಾಡಿತು.

ಆ ಕ್ರಮ ನಮ್ಮ ಕಾಲದವರೆಗೂ ಉಳಿದು ಬಂದ ಊರು ಪಾಪನಾಯುಡುಪೇಟ. ಆಂಧ್ರದ ತಿರುಪತಿಗೆ, ರೇಣಿಗುಂಟಕ್ಕೆ ಹತ್ತಿರದ ಊರು ಅದು. ಕುರ್ಲಾವನ್ನು ಹಾದು ಹೋಗುವ ಮಧ್ಯ ರೈಲ್ವೆಯ ಹಳಿಯನ್ನೇ ಹಿಡಿದು ಸೊಲ್ಲಾಪುರ, ಕಲಬುರಗಿ, ರಾಯಚೂರು, ಗುಂತಕಲ್ ದಾಟುತ್ತ ಹೋದರೆ ರೇಣಿಗುಂಟ ಬರುತ್ತದೆ. ಅಲ್ಲಿನ ಕುಶಲಕರ್ಮಿಗಳು ಕರಗಿದ ಗಾಜಿನ ದೊಡ್ಡ ಮುದ್ದೆಯನ್ನು 'ಲಾಡ' ಎಂಬ ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಹತ್ತಿಸಿ, ಹೊರಳಿಸಿ, ಶಂಕುವಿನ ಆಕಾರಕ್ಕೆ ತಂದು ಕುಲುಮೆಯೊಳಗೆ ನಿಲ್ಲಿಸುತ್ತಾರೆ. ಲಾಡದೊಳಗಿಂದ ತೂರಿಸಿದ ಸರಳು ಮುದ್ದೆಯ ನಡುವೆ ಟೊಳ್ಳನ್ನು ಉಂಟುಮಾಡುತ್ತದೆ. ಕುಲುಮೆಯ ಎದುರು ಬದಿಯ ಕಂಡಿಯಿಂದ ಒಬ್ಬ ಅನುಭವಿ ಕೊಕ್ಕೆ ಹಾಕಿ ಗಾಜಿನ ತುದಿಯನ್ನು ಹಿಡಿದು ಎಳೆಯತೊಡಗುತ್ತಾನೆ. ಎಳೆದ ಹಾಗೆ ಗಾಜು ಕೊಳವೆಯಾಗಿ ಹೊರಬರುತ್ತದೆ. ಕೈ ಮೇಲೆ ಕೈ ಬದಲಾಯಿಸುತ್ತ ಗಂಟೆಗಟ್ಟಲೆ ಒಂದೇ ಹದದಲ್ಲಿ ಎಳೆಯುವುದೇ ಕೆಲಸ. ಕೈ ಜೋರಾದರೆ ಕೊಳವೆ ಸಣ್ಣಗಾಗುತ್ತದೆ, ತಡವಾದರೆ ದಪ್ಪಗಾಗುತ್ತದೆ. ಅಳತೆಪಟ್ಟಿ ಇಲ್ಲದೆ ಕೈಯ ಲೆಕ್ಕದಲ್ಲೇ ಒಂದೇ ದಪ್ಪದ ಕೊಳವೆ ಬರುವುದು ಭಾರತದ ಕರಕುಶಲ ವಿದ್ಯೆಗಳಲ್ಲಿ ಎಲ್ಲಿಟ್ಟು ನೋಡಿದರೂ ಮೇಲಿನ ಸಾಲಿಗೆ ಸೇರುವ ಸಾಧನೆ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಸುತ್ತಿ ಮಾಡುವ ಮಣಿಗೆ ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ ಹೆಸರಾದದ್ದು. ಅಲ್ಲಿ ಕುಲುಮೆಯ ಸುತ್ತ ಕಾರಿಗರರು ಕೂರುತ್ತಾರೆ. ಒಬ್ಬೊಬ್ಬರ ಎದುರಿಗೂ ಒಂದೊಂದು ಕಂಡಿ, ಕೈಯಲ್ಲಿ ಕಬ್ಬಿಣದ ಸರಳು. ಕರಗಿದ ಗಾಜನ್ನು ಎತ್ತಿ ಸರಳಿಗೆ ಸುತ್ತಿ ಒಂದಾದ ಮೇಲೊಂದು ಮಣಿ ಕೂರಿಸುತ್ತ ಹೋಗುತ್ತಾರೆ. ಬನಾರಸಿನ ಗಾಜಿನ ಮಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಅಲ್ಲಿ ಮನೆಮನೆಗಳಲ್ಲಿ ಗ್ಯಾಸ್ ಉರಿಯ ಮುಂದೆ ಕೂತು ಮಾಡುವ ರೂಢಿ ಬೆಳೆದಿದೆ. ಕುರ್ಲಾದ ಕಲಾವಿದರು ಕಲಿಯಲು ಹೊರಡುವುದು ಈ ಎರಡನೆಯ ದಾರಿಯನ್ನೇ. ಕೊಳವೆ ಎಳೆಯಲು ತಂಡ ಬೇಕು, ಹಗಲು ರಾತ್ರಿ ಆರದ ಕುಲುಮೆ ಬೇಕು. ಸುತ್ತಲು ಒಂದು ಉರಿ ಮತ್ತು ಎರಡು ಕೈ ಸಾಕು.

ಕನ್ನಡ ನೆಲದ ಗಾಜು

ಕರ್ನಾಟಕಕ್ಕೆ ಗಾಜಿನ ಚರಿತ್ರೆ ಇಲ್ಲವೆಂದು ಭಾವಿಸುವವರೇ ಹೆಚ್ಚು. ಆದರೆ ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ದೊರೆತ ಮಣಿಗಳಲ್ಲಿ ಗಾಜಿನವೂ ಇವೆ, ಬಿ.ಕೆ. ಥಾಪರ್ 1954ರಲ್ಲಿ ಅಲ್ಲಿ ಅಗೆಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ 1947ರಲ್ಲಿ ವೀಲರ್ ನಡೆಸಿದ ಉತ್ಖನನಗಳೂ ಮಣಿಗಳನ್ನು ಹೊರತಂದವು. ಗಡಿಯಾಚೆಯ ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ 1945-46ರಲ್ಲಿ ಎಚ್.ಡಿ. ಸಾಂಕಾಲಿಯಾ ಮತ್ತು ಎಂ.ಜಿ. ದೀಕ್ಷಿತ್ ಅಗೆಸಿದಾಗ ಬಹಮನಿ ಕಾಲದ ಪದರಗಳಲ್ಲಿ ಗಾಜಿನ ಮಣಿ, ಬಳೆಗಳು ಹೇರಳವಾಗಿ ಸಿಕ್ಕವು. ಭಾರತದ ಗಾಜಿನ ಬಗ್ಗೆ ಮೊದಲ ಸಮಗ್ರ ಚರಿತ್ರೆಯನ್ನು ಬರೆದವರೂ ಇದೇ ದೀಕ್ಷಿತ್. ಆ ಪುಸ್ತಕವನ್ನು 1969ರಲ್ಲಿ ಹೊರತಂದದ್ದು ಮುಂಬೈ ವಿಶ್ವವಿದ್ಯಾಲಯ; ಅದರ ಕಲೀನಾ ಆವರಣ ಕುರ್ಲಾದ ಮಗ್ಗುಲಲ್ಲೇ ಇದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಪಾಳೆಯಗಾರರ ನೆಲೆಯಾಗಿದ್ದ ಈ ಊರಿನಲ್ಲಿ ಬಳೆಯ ಗಾಜು ಕರಗಿಸುವ ಕುಲುಮೆಗಳಿದ್ದವು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ವರದಿ ಮಾಡಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಇಲ್ಲಿಗೆ ಬಂದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಆ ಕೆಲಸದ ವಿವರ ಇದೆ. ನೆಲದ ಮೇಲೆ ಉಕ್ಕುವ ಸವಳು ಮಣ್ಣಿನಿಂದ ಸೋಡಾ ತೆಗೆದು, ಬೆಣಚುಕಲ್ಲಿನ ಪುಡಿಯೊಂದಿಗೆ ಬೆರೆಸಿ ಕರಗಿಸುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ, ಬೆಳಕು ಹಾಯದ ಗಾಜು ಅದು. ಅಂದರೆ ಗಾಜಿಗೆ ಬೇಕಾದ ಕಲ್ಲು, ಕ್ಷಾರಗಳನ್ನು ಸುತ್ತಲಿನ ಸೀಮೆಯಲ್ಲೇ ಗುರುತಿಸಿ ಬಳಸುವ ತಿಳಿವಳಿಕೆ ಅಲ್ಲಿತ್ತು. ಚನ್ನಪಟ್ಟಣವೂ ಒಂದು ಕಾಲಕ್ಕೆ ಬಣ್ಣದ ಬೊಂಬೆಗಳಷ್ಟೇ ಗಾಜಿನ ಬಳೆಗೂ ಹೆಸರಾಗಿತ್ತು. ಬಳೆಗೂ ಮಣಿಗೂ ನಡುವೆ ದೂರ ಕಡಿಮೆ. ಬೆಸುಗೆಯಿಲ್ಲದ ಹಳೆಯ ಬಳೆ ಶುರುವಾಗುವುದೇ ಸರಳಿಗೆ ಸುತ್ತಿದ ಮಣಿಯಾಗಿ. ಅದನ್ನು ಶಂಕುವಿನ ಮೇಲೆ ತಿರುಗಿಸುತ್ತ ಹಿಗ್ಗಿಸಿದರೆ ಕೈಗೆ ಏರುವ ಬಳೆ. ಮತ್ತೋಡಿನ ಕುಲುಮೆಗಳು ಈಗಿಲ್ಲ. ಕರ್ನಾಟಕದ ಕರಕುಶಲ ವಿದ್ಯೆಗಳನ್ನು ಎಣಿಸುವಾಗ ಬಿದರಿ, ಕಿನ್ನಾಳ, ಚನ್ನಪಟ್ಟಣಗಳ ಹೆಸರು ಬರುತ್ತದೆ. ಮತ್ತೋಡಿನ ಹೆಸರೂ ಅಲ್ಲಿ ಬರಬೇಕಾದದ್ದು ನ್ಯಾಯ.

ಕುಲುಮೆ ಹೋದರೂ ಗಾಜಿನ ಮಣಿ ಕನ್ನಡದ ಮನೆಗಳಿಂದ ಹೋಗಿಲ್ಲ. ತಾಳಿಯ ಇಕ್ಕೆಲದ ಕರಿಮಣಿ ಗಾಜೇ. ಅದು ಕುರ್ಲಾದವರೆಗೂ ಬಂದಿದೆ. ಕುರ್ಲಾ ಪೂರ್ವದಲ್ಲಿ ಕರಾವಳಿಯಿಂದ ಬಂದ ಬಂಟರ ಸಂಘದ ಭವನವಿದೆ. 1927ರಲ್ಲಿ ಸ್ಥಾಪನೆಯಾದ ಸಂಘ ಅದು. ಅದೇ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಂಗಳೂರಿಗೆ ಹೊರಡುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋಟೆಲಿಗೆ, ಕಚೇರಿಗೆ, ಕಾರ್ಖಾನೆಗೆ ಬಂದು ನೆಲೆಸಿದ ಕುಟುಂಬಗಳ ಹೆಂಗಸರ ಕೊರಳಲ್ಲಿ ಊರಿನ ಕರಿಮಣಿ ಇದೆ. ಪಕ್ಕದ ಮರಾಠಿ ಮನೆಗಳಲ್ಲಿ ಅದೇ ಕರಿಮಣಿಗೆ ಬಟ್ಟಲಿನಾಕಾರದ ಎರಡು ಚಿನ್ನದ ವಾಟಿ ಕೂಡಿದ ಮಂಗಳಸೂತ್ರ. ಮಣಿ ಪೋಣಿಸುವುದನ್ನೇ ಕಸುಬಾಗಿ ಮಾಡಿಕೊಂಡ ಪಟವೇಕರಿಗಳು ಆ ಕಡೆ, ರೇಷ್ಮೆ ದಾರದ ಕೆಲಸದ ಪಟವೇಗಾರರು ಈ ಕಡೆ. ಕರಿಮಣಿಯ ಕಪ್ಪು ನಿಜವಾಗಿ ಕಪ್ಪಲ್ಲ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಮ್ಯಾಂಗನೀಸ್ ಅಥವಾ ಕಬ್ಬಿಣದ ಆಕ್ಸೈಡನ್ನು ಧಾರಾಳವಾಗಿ ಹಾಕಿದ ಗಾಜು ಕಪ್ಪಾಗಿ ಕಾಣುತ್ತದೆ. ತೆಳ್ಳಗಿನ ಚೂರನ್ನು ಬಿಸಿಲಿಗೆ ಹಿಡಿದರೆ ಗಾಢ ನೇರಳೆಯೋ ಹಸಿರೋ ಹೊಳೆಯುತ್ತದೆ.

ಮೊದಲ ಪಾಠಗಳು

ದೊಡ್ಡ ಕುಲುಮೆಯಿಂದ ಮೇಜಿನ ಮೇಲಿನ ಉರಿಗೆ ಮಣಿ ಇಳಿದದ್ದು ಯುರೋಪಿನಲ್ಲಿ. ವೆನಿಸ್ ಗಣರಾಜ್ಯ 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತು. ಕಾಲಕ್ರಮೇಣ ಅಲ್ಲಿಯೂ ವೆನಿಸ್‌ನಲ್ಲಿಯೂ ಎಣ್ಣೆದೀಪದ ಉರಿಗೆ ತಿದಿಯಿಂದ ಗಾಳಿ ಊದಿ, ಆ ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ ಮಣಿ ಸುತ್ತುವ ಕಸುಬು ಬೆಳೆಯಿತು. ಇಂದಿನ ಬರ್ನರ್ ಆ ದೀಪದ ಮೊಮ್ಮಗ. ಅಮೆರಿಕದಲ್ಲಿ 1962ರಲ್ಲಿ ಗಾಜು ಕಲಾವಿದ ಹಾರ್ವೆ ಲಿಟಲ್ಟನ್ ಟೊಲೀಡೊ ನಗರದಲ್ಲಿ ನಡೆಸಿದ ಶಿಬಿರಗಳು, ಗಾಜನ್ನು ಕಾರ್ಖಾನೆಯ ಹೊರಗೆ ಕಲಾವಿದರ ಕೈಗೆ ತಂದವು. ಆ ಗಾಳಿಯಲ್ಲೇ ಮಣಿಯೂ ಸ್ವತಂತ್ರ ಕಲೆಯಾಯಿತು. 1993ರಲ್ಲಿ ಮಣಿ ಕಲಾವಿದರದೇ ಒಂದು ಸಂಘಟನೆ ಅಲ್ಲಿ ಹುಟ್ಟಿತು. ಇಟಲಿ ಮತ್ತು ಫ್ರಾನ್ಸ್‌ಗಳ ಗಾಜಿನ ಮಣಿ ಕಲೆಯನ್ನು 2020ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾಪನಾಯುಡುಪೇಟಕ್ಕೂ ಪುರ್ದಿಲ್‌ನಗರಕ್ಕೂ ಅಂಥ ಪಟ್ಟಿಯಲ್ಲಿ ಕೂರುವ ಯೋಗ್ಯತೆ ಇದೆ.

ಕಲಿಯುವವರು ಮೊದಲು ಗಾಜನ್ನು ಆರಿಸಿಕೊಳ್ಳಬೇಕು. ಗಾಜೆಲ್ಲ ಒಂದೇ ಅಲ್ಲ. ಸೋಡಾ-ಸುಣ್ಣದ ಗಾಜಿನಲ್ಲಿ ಶೇ 70ರ ಆಸುಪಾಸು ಸಿಲಿಕಾ. ಉಳಿದದ್ದರಲ್ಲಿ ಹೆಚ್ಚಿನದು ಕರಗುವ ಶಾಖವನ್ನು ಇಳಿಸುವ ಸೋಡಾ ಮತ್ತು ಗಾಜನ್ನು ನೀರಿಗೆ ಜಗ್ಗದಂತೆ ಮಾಡುವ ಸುಣ್ಣ. ಮಣಿ ಕಲಾವಿದರು ಹೆಚ್ಚಾಗಿ ಬಳಸುವ ಮುರಾನೊ ಕಡ್ಡಿಗಳು ಈ ಜಾತಿಯವು, ಬೇಗ ಮೆತ್ತಗಾಗುವಂಥವು. ಇನ್ನೊಂದು ಬೋರೋಸಿಲಿಕೇಟ್: ಪ್ರಯೋಗಾಲಯದ ಬೀಕರಿನ ಗಾಜು. 1962ರಲ್ಲಿ ಮುಂಬೈಯಲ್ಲಿ ಹುಟ್ಟಿದ ಬೊರೊಸಿಲ್ ಕಂಪನಿಯ ಹೆಸರಿನಿಂದಲೇ ಈ ಗಾಜು ನಮ್ಮ ಅಡುಗೆಮನೆಗಳಿಗೆ ಪರಿಚಯ. ಇದು ಕಾಯಲು ಹೆಚ್ಚು ಉರಿ ಬೇಡುತ್ತದೆ, ಸಿಡಿಯುವುದು ಕಡಿಮೆ.

ಎರಡಕ್ಕೂ ನಡುವಿನ ಅಂತರ ಹಿಗ್ಗುವಿಕೆಯ ಅಂಕಿಯಲ್ಲಿದೆ. ಮುರಾನೊ ಕಡ್ಡಿಯ ಅಂಕಿ 104. ಒಂದು ಮೀಟರ್ ಉದ್ದದ ಕಡ್ಡಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಉದ್ದವಾಗುತ್ತದೆ ಎಂದು ಅದರ ಅರ್ಥ. ಕೇಳಲು ಅತ್ಯಲ್ಪ, 500 ಡಿಗ್ರಿಗೆ ಅದು ಐದು ಮಿಲಿಮೀಟರು ದಾಟುತ್ತದೆ. ಬೋರೋಸಿಲಿಕೇಟಿನ ಅಂಕಿ 33, ಅಂದರೆ ಮೂರನೆಯ ಒಂದು ಪಾಲಿಗೂ ಕಡಿಮೆ. ಎರಡನ್ನೂ ಒಂದೇ ಮಣಿಯಲ್ಲಿ ಬೆಸೆದರೆ ಉರಿಯಲ್ಲಿ ಚೆನ್ನಾಗಿಯೇ ಕೂಡಿಕೊಳ್ಳುತ್ತವೆ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ, ಮಣಿ ಸೀಳುತ್ತದೆ. ಕೆಲವೊಮ್ಮೆ ಆ ದಿನವೇ, ಕೆಲವೊಮ್ಮೆ ತಿಂಗಳ ಮೇಲೆ.

ಕುರ್ಲಾದಲ್ಲಿ ಈ ಪಾಠಕ್ಕೆ ಬೇರೆಯದೇ ಮಹತ್ವವಿದೆ. ಆಮದಾದ ಕಡ್ಡಿ ದುಬಾರಿ. ಸುತ್ತಲಿನ ಗುಜರಿಯಲ್ಲಿ ಬಾಟಲಿ, ಕಿಟಕಿ ಗಾಜು, ಒಡೆದ ಫಿರೋಜಾಬಾದ್ ಬಳೆಗಳು ಅಗ್ಗಕ್ಕೆ ಸಿಗುತ್ತವೆ, ಬಣ್ಣಕ್ಕೂ ಕೊರತೆಯಿಲ್ಲ. ಇವುಗಳಲ್ಲಿ ಯಾವುದು ಯಾವುದಕ್ಕೆ ಒಗ್ಗುತ್ತದೆಂದು ಯಾರೂ ಚೀಟಿ ಅಂಟಿಸಿರುವುದಿಲ್ಲ. ಪರೀಕ್ಷೆಗೆ ಒಂದು ಹಳೆಯ ಉಪಾಯವಿದೆ. ಎರಡು ಗಾಜಿನ ಚೂರುಗಳನ್ನು ಅಕ್ಕಪಕ್ಕ ಬೆಸೆದು, ಉರಿಯಿಂದ ತೆಗೆದು, ಕೂದಲಿನಷ್ಟು ತೆಳ್ಳಗೆ ಎಳೆಯಬೇಕು. ಆರಿದ ಎಳೆ ನೆಟ್ಟಗೆ ನಿಂತರೆ ಎರಡೂ ಒಗ್ಗುತ್ತವೆ. ಬಿಲ್ಲಿನಂತೆ ಬಾಗಿದರೆ ಒಗ್ಗುವುದಿಲ್ಲ. ಬಾಗಿನ ಒಳಬದಿಯ ಗಾಜು ಹೆಚ್ಚು ಕುಗ್ಗುವಂಥದು. ಉಪಕರಣವಿಲ್ಲದೆ, ಕಣ್ಣಳತೆಯಿಂದಲೇ ಆಗುವ ಈ ಪರೀಕ್ಷೆಯನ್ನು ಮೊದಲ ವಾರವೇ ಕಲಿತವರು ಮುಂದೆ ನೂರಾರು ಮಣಿಗಳನ್ನು ಉಳಿಸಿಕೊಳ್ಳುತ್ತಾರೆ. ಬಾಟಲಿ ಗಾಜಿನಿಂದ ಮಾಡುವವರು ಒಂದು ಮಣಿಗೆ ಒಂದೇ ಬಾಟಲಿಯ ಗಾಜು ಬಳಸುವುದು ಕ್ಷೇಮ.

ಕಂಬಿಯ ಪಾಠ ಅದರ ಬೆನ್ನಿಗೆ. ಬರಿಯ ಉಕ್ಕಿಗೆ ಗಾಜು ಸುತ್ತಿದರೆ ಅದು ಅಲ್ಲೇ ಅಂಟಿಕೊಂಡು ಬಿಡಿಸಲಾರದ ಹಾಗಾಗುತ್ತದೆ. ಆದ್ದರಿಂದ ತುಕ್ಕು ಹಿಡಿಯದ ಉಕ್ಕಿನ ಕಂಬಿಯ ತುದಿಯನ್ನು ಬಿಳಿಜೇಡಿ, ಅಲ್ಯೂಮಿನಾದಂಥ ಪುಡಿಗಳ ರಾಡಿಯಲ್ಲಿ ಅದ್ದಿ ಒಣಗಿಸುತ್ತಾರೆ. ಸಣ್ಣ ಮಣಿಗೆ 1.6 ಮಿಲಿಮೀಟರು, ಸಾಮಾನ್ಯ ಮಣಿಗೆ 2.4 ಮಿಲಿಮೀಟರು ದಪ್ಪದ ಕಂಬಿ ಹೆಚ್ಚು ಬಳಕೆಯದು. ಲೇಪ ಹಸಿಯಿದ್ದರೆ ಉರಿಯಲ್ಲಿ ಉಬ್ಬಿ ಕಳಚುತ್ತದೆ. ಮುಂಬೈಯ ಮಳೆಗಾಲದಲ್ಲಿ, ಗಾಳಿಯಲ್ಲೇ ನೀರು ತೂಗುವ ತಿಂಗಳುಗಳಲ್ಲಿ, ಅದು ತಾನಾಗಿ ಒಣಗುವುದನ್ನು ಕಾಯುವಂತಿಲ್ಲ. ಉರಿಯ ಅಂಚಿನಲ್ಲಿ ಹಿಡಿದು ನಿಧಾನವಾಗಿ ಒಣಗಿಸಿಕೊಳ್ಳಬೇಕು.

ಬಳಿಕ ಕೈಗಳ ಪಾಠ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಗಾಜಿನ ಕಡ್ಡಿ. ಕಡ್ಡಿಯನ್ನು ಥಟ್ಟನೆ ಉರಿಗೆ ಒಡ್ಡಿದರೆ ಚೂರುಗಳು ಸಿಡಿಯುತ್ತವೆ. ಉರಿಯ ತುದಿಯಲ್ಲಿ ಆಡಿಸಿ ಆಡಿಸಿ ಒಳಗೆ ತರಬೇಕು. ತುದಿ ಎಳೆಪಾಕದ ಹದಕ್ಕೆ ಬಂದು ಗುಂಡಗಾದಾಗ ಕಂಬಿಗೆ ತಾಗಿಸಿ, ಕಂಬಿಯನ್ನು ತನ್ನಿಂದ ಆಚೆಗೆ ತಿರುಗಿಸುತ್ತ ಗಾಜನ್ನು ಸುತ್ತಿಕೊಳ್ಳಬೇಕು. ಕಾದ ಗಾಜು ಎರಡೇ ಶಕ್ತಿಗಳಿಗೆ ಮಣಿಯುತ್ತದೆ: ಭೂಮಿಯ ಸೆಳೆತ ಅದನ್ನು ಕೆಳಗೆ ಜೋಲಿಸುತ್ತದೆ, ಮೇಲ್ಮೈಯ ಎಳೆತ ಅದನ್ನು ಗುಂಡಗೆ ಮಾಡುತ್ತದೆ. ತಿರುಗಿಸುತ್ತಲೇ ಇದ್ದರೆ ಮೊದಲನೆಯದು ಸೋಲುತ್ತದೆ, ಎರಡನೆಯದು ಕೆಲಸ ಮಾಡುತ್ತದೆ. ಮಣಿಯನ್ನು ದುಂಡಗೆ ಮಾಡುವುದು ಉಪಕರಣವಲ್ಲ, ತಿರುಗುವ ಕಂಬಿ. ತೂತಿನ ಎರಡೂ ಬಾಯಿಗಳು ಒಳಕ್ಕೆ ತಗ್ಗಿ ಕುಳಿಯಂತೆ ಕೂರಬೇಕು. ಚೂಪಾಗಿ ಮೇಲೆದ್ದರೆ ಆ ಅಂಚು ಮುಂದೆ ದಾರವನ್ನು ಕತ್ತರಿಸುತ್ತದೆ. ಮಣಿ ಬಲ್ಲವರು ಕೈಗೆ ತೆಗೆದುಕೊಂಡ ಕೂಡಲೇ ಬಣ್ಣವನ್ನಲ್ಲ, ಈ ಬಾಯಿಗಳನ್ನು ನೋಡುತ್ತಾರೆ.

ಸಾದಾ ಮಣಿ ನೆಟ್ಟಗೆ ಬಂದ ಮೇಲೆ ಅಲಂಕಾರ. ಗಾಜನ್ನು ಎಳೆದು ದಾರದಂಥ ಕಡ್ಡಿ ಮಾಡಿಕೊಂಡು ಅದರಿಂದ ಚುಕ್ಕೆ ಇಡುತ್ತಾರೆ. ಚುಕ್ಕೆಯ ಮೇಲೆ ಚುಕ್ಕೆ ಇಟ್ಟರೆ ಕಣ್ಣು. ಸಾಲಾಗಿ ಗೆರೆ ಎಳೆದು ಮೊನೆಯಿಂದ ಗೀರಿದರೆ ಗರಿ. ಮೇಲೆ ಪಾರದರ್ಶಕ ಗಾಜಿನ ಪದರ ಹೊದಿಸಿದರೆ ಒಳಗಿನ ಚಿತ್ರ ನೀರಿನಡಿಯಲ್ಲಿದ್ದಂತೆ ದೊಡ್ಡದಾಗಿ ಕಾಣುತ್ತದೆ. ಈ ಹೊದಿಕೆ ಕಷ್ಟದ ಕೆಲಸ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಗುಳ್ಳೆ ನಿಲ್ಲುತ್ತದೆ, ಅವಸರ ಮಾಡಿದರೆ ಒಳಗಿನ ಗೆರೆಗಳೆಲ್ಲ ಒಂದು ಬದಿಗೆ ಹರಿಯುತ್ತವೆ. ಬಣ್ಣಗಳಿಗೂ ಅವುಗಳದೇ ಸ್ವಭಾವ. ಕೋಬಾಲ್ಟಿನ ನೀಲಿ ಯಾವ ಉರಿಯಲ್ಲೂ ಕದಲದು. ತಾಮ್ರ ಹಾಗಲ್ಲ: ಆಮ್ಲಜನಕ ಸಾಕಷ್ಟು ಇದ್ದರೆ ವೈಡೂರ್ಯದ ಹಸಿರು-ನೀಲಿ, ಕಡಿಮೆಯಾದರೆ ಇಟ್ಟಿಗೆಗೆಂಪು. ಚಿನ್ನದ ಅಂಶ ಮಾಣಿಕ್ಯದ ಕೆಂಪು ಕೊಡುತ್ತದೆ. ಅದೂ ಮೊದಲು ಬಣ್ಣವಿಲ್ಲದೆ ಇದ್ದು, ಎರಡನೆಯ ಬಾರಿ ಕಾಯಿಸಿದಾಗ ಮೂಡುತ್ತದೆ. ಕಿತ್ತಳೆ, ಅರಿಶಿನ ಬಣ್ಣಗಳು ಬಹುಪಾಲು ಕ್ಯಾಡ್ಮಿಯಂ, ಸೆಲೆನಿಯಂಗಳಿಂದ. ಇವುಗಳ ಹೊಗೆ ಉಸಿರಿಗೆ ಒಳ್ಳೆಯದಲ್ಲ.

ಆರಿಸುವ ಕೆಲಸ

ಉರಿಯಲ್ಲಿ ಮಣಿ ಎಷ್ಟೇ ಚೆಂದವಾಗಿ ಬಂದರೂ ಅದರ ಆಯುಸ್ಸು ನಿಂತಿರುವುದು ಆರಿಸುವುದರಲ್ಲಿ. ಹೊರಮೈ ಬೇಗ ಆರಿ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ. ಒಳಗಿನ ಗಾಜು ಆಮೇಲೆ ಕುಗ್ಗಲು ಹೊರಟಾಗ ಹೊರಗಿನದು ಜಾಗ ಬಿಡುವುದಿಲ್ಲ. ಆ ಜಗ್ಗಾಟ ಗಾಜಿನೊಳಗೆ ಹಾಗೇ ಸೆರೆಯಾಗಿ ಉಳಿಯುತ್ತದೆ. ಅದನ್ನು ಬಿಡಿಸುವ ಕ್ರಮವೇ ಹದವಾದ ಆರಿಕೆ. 104ರ ಗಾಜಾದರೆ ಮಣಿಯನ್ನು ಉರಿಯಿಂದ ನೇರವಾಗಿ ಸುಮಾರು 510ರಿಂದ 520 ಡಿಗ್ರಿಯಲ್ಲಿರುವ ವಿದ್ಯುತ್ ಕುಲುಮೆಗೆ ಹಾಕುತ್ತಾರೆ. ದಿನದ ಕೆಲಸವೆಲ್ಲ ಮುಗಿದ ಮೇಲೆ ಅದೇ ಶಾಖದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಬಳಿಕ ಗಂಟೆಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ದಪ್ಪ ಮಣಿಗೆ ಹೆಚ್ಚು ಹೊತ್ತು ಬೇಕು. ಕುಲುಮೆ ಇಲ್ಲದವರು ಬಿಸಿ ಮಾಡಿದ ವರ್ಮಿಕ್ಯುಲೈಟ್ ಪುಡಿಯಲ್ಲೋ ಶಾಖ ತಡೆಯುವ ನಾರಿನ ಕಂಬಳಿಯಲ್ಲೋ ಹುಗಿದಿಡುತ್ತಾರೆ. ಅದು ಮಣಿಯನ್ನು ಆ ಗಳಿಗೆಗೆ ಉಳಿಸೀತು, ಒಳಗಿನ ಜಗ್ಗಾಟವನ್ನು ತೆಗೆಯದು. ಅಂಥ ಮಣಿಯನ್ನು ಮತ್ತೆ ಕುಲುಮೆಯಲ್ಲಿ ಹದ ಮಾಡಿಯೇ ಮಾರಬೇಕು. ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಇಟ್ಟು ಅವುಗಳ ನಡುವೆ ಪಾರದರ್ಶಕ ಮಣಿಯನ್ನು ಹಿಡಿದರೆ ಉಳಿದ ಜಗ್ಗಾಟ ಬೆಳಕಿನ ಪಟ್ಟೆಗಳಾಗಿ ಕಾಣಿಸಿಬಿಡುತ್ತದೆ. ನಡುವೆ ಕರೆಂಟು ಹೋದರೆ ಕುಲುಮೆಯ ಬಾಗಿಲು ತೆರೆಯದಿರುವುದು ಮೊದಲ ನಿಯಮ. ಇಟ್ಟಿಗೆಯ ಬಿಸಿಯೇ ಸ್ವಲ್ಪ ಹೊತ್ತು ಕಾಪಾಡುತ್ತದೆ.

ಜಾಗದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಚಾಳಿನ ಖೋಲಿಯಲ್ಲಿ, ಮೇಲಂತಸ್ತಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಆಮ್ಲಜನಕ ಮತ್ತು ಪ್ರೊಪೇನ್ ಸಿಲಿಂಡರುಗಳನ್ನು ಇಟ್ಟುಕೊಂಡು ಕೂರುವುದು ಸಲ್ಲದು. ಅಡುಗೆಗೆ ಕೊಟ್ಟ ಸಿಲಿಂಡರನ್ನು ಕಸುಬಿಗೆ ಬಳಸುವುದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ಕುರ್ಲಾಗೆ ಯಂತ್ರದ ಕೆಲಸ ಹೊಸದಲ್ಲ: ಜಮ್ಷೆಡ್‌ಜಿ ಟಾಟಾ 1886ರಲ್ಲಿ ಕೊಂಡು ಸ್ವದೇಶಿ ಎಂದು ಹೆಸರಿಟ್ಟ ಬಟ್ಟೆ ಗಿರಣಿ ಇಲ್ಲಿಯದು, ಪ್ರೀಮಿಯರ್ ಕಾರುಗಳ ಕಾರ್ಖಾನೆಯೂ ಇಲ್ಲಿತ್ತು. ಗಿರಣಿ ನಿಂತಿತು, ಕಾರೂ ಹೋಯಿತು. ಸಣ್ಣ ಕಸುಬುಗಳ ಗಾಳಾಗಳು ಉಳಿದಿವೆ. ವಾಣಿಜ್ಯ ಸಿಲಿಂಡರು, ಬೆಂಕಿ ಆರಿಸುವ ಸಾಧನ, ಕಲ್ಲಿನ ನೆಲ ಇರುವ ಅಂಥ ಗಾಳಾವೇ ಮಣಿಯ ಕೆಲಸಕ್ಕೆ ಸರಿಯಾದ ಜಾಗ. ಅಲ್ಲಿಯೂ ಗಾಳಿಯ ಸಮಸ್ಯೆ ಇದೆ. ಮುಂಬೈಯ ಸೆಕೆಗೆ ತಲೆಯ ಮೇಲೆ ಪಂಖ ಬೇಕೆನಿಸುತ್ತದೆ, ಪಂಖದ ಗಾಳಿಗೆ ಬಿಸಿ ಮಣಿ ಸೀಳುತ್ತದೆ. ಆದ್ದರಿಂದ ಉರಿಯ ಆಚೆಗೆ ಹೊಗೆ ಸೆಳೆಯುವ ಫ್ಯಾನು, ಕೂತವರ ಬೆನ್ನ ಹಿಂದಿನಿಂದ ಹೊಸ ಗಾಳಿ ಬರುವ ಕಿಟಕಿ. ಹೊಗೆ ಮುಖಕ್ಕೆ ಬಾರದೆ ಮುಂದಕ್ಕೆ ಹೋಗಬೇಕು.

ಕಣ್ಣಿಗೂ ಕಾವಲು ಬೇಕು. ಗಾಜಿನೊಳಗಿನ ಸೋಡಿಯಂ ಉರಿಯಲ್ಲಿ 589 ನ್ಯಾನೊಮೀಟರಿನ ಢಾಳಾದ ಹಳದಿ ಬೆಳಕು ಚೆಲ್ಲಿ ಮಣಿಯನ್ನೇ ಮರೆಮಾಡುತ್ತದೆ. ನಿಯೋಡಿಮಿಯಂ ಮತ್ತು ಪ್ರೆಸಿಯೋಡಿಮಿಯಂ ಬೆರೆಸಿದ ಡಿಡಿಮಿಯಂ ಕನ್ನಡಕ ಹಾಕಿದ ಕೂಡಲೇ ಆ ಹಳದಿ ಮಾಯವಾಗಿ ಮಣಿಯ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಕಲಿಯುವವರು ಮೊದಲು ಹಣ ಹಾಕಬೇಕಾದದ್ದು ಬಣ್ಣದ ಕಡ್ಡಿಗಳಿಗಲ್ಲ, ಈ ಕನ್ನಡಕಕ್ಕೆ ಮತ್ತು ಫ್ಯಾನಿಗೆ.

ಔಪಚಾರಿಕವಾಗಿ ಗಾಜನ್ನು ಕಲಿಸುವ ಸಂಸ್ಥೆಗಳು ದೇಶದಲ್ಲಿ ಕಡಿಮೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಿಂಗಾಣಿ ಮತ್ತು ಗಾಜಿನ ವಿನ್ಯಾಸದ ಶಿಕ್ಷಣವಿದೆ. ಫಿರೋಜಾಬಾದಿನಲ್ಲಿ ಗಾಜು ಉದ್ಯಮ ಅಭಿವೃದ್ಧಿ ಕೇಂದ್ರವಿದೆ. ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ ವಿಜ್ಞಾನದ ಕಡೆಯದು. ಮಣಿಗೆಂದೇ ಮೀಸಲಾದ ಶಾಲೆ ಪುರ್ದಿಲ್‌ನಗರದ ಅಂಗಳಗಳೇ. ವಿದೇಶಿ ಕೈಪಿಡಿಗಳಿಂದಲೇ ಕಲಿತವರು ಒಮ್ಮೆಯಾದರೂ ಅಲ್ಲಿಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಮಣಿ ಕೂರಿಸುವ ಕೈಗಳ ಪಕ್ಕ ಕೂತು ನೋಡಿದರೆ, ಪುಸ್ತಕ ಹೇಳದ ಬಹಳಷ್ಟು ತಿಳಿಯುತ್ತದೆ: ಎಷ್ಟು ಕಡಿಮೆ ಚಲನೆಯಲ್ಲಿ ಎಷ್ಟು ಕೆಲಸ ಸಾಗುತ್ತದೆ, ಗಾಜು ತಾನಾಗಿ ಬರುವಾಗ ಕೈ ಹೇಗೆ ಸುಮ್ಮನಿರುತ್ತದೆ. ಆ ಕಾರಿಗರರು ಮಣಿಗಳನ್ನು ತೂಕದ ಲೆಕ್ಕದಲ್ಲಿ ಮಾರಬೇಕಾದ ಸ್ಥಿತಿ ಇರುವುದು ನೋವಿನ ಸಂಗತಿ. ತಾಜ್‌ಮಹಲಿನ ರಕ್ಷಣೆಗೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ನೀಡಿದ ತೀರ್ಪು ಆ ಸೀಮೆಯ ಉದ್ಯಮಗಳನ್ನು ಕಲ್ಲಿದ್ದಲಿನಿಂದ ನೈಸರ್ಗಿಕ ಅನಿಲದ ಕಡೆಗೆ ತಿರುಗಿಸಿತು. ಗಾಳಿಗೆ ಅದರಿಂದ ಒಳಿತಾಯಿತು, ಸಣ್ಣ ಕುಲುಮೆಗಳಿಗೆ ಹೊರೆಯೂ ಆಯಿತು. ಜತೆಗೆ ಯಂತ್ರದಲ್ಲಿ ತಯಾರಾದ ಜೆಕ್, ಜಪಾನಿ, ಚೀನೀ ಮಣಿಗಳ ಪೈಪೋಟಿ.

ಮಾರುವ ಜಾಗಗಳ ವಿಷಯದಲ್ಲಿ ಕುರ್ಲಾದವರಿಗೆ ಅನುಕೂಲವಿದೆ. ಭುಲೇಶ್ವರದ ಗಲ್ಲಿಗಳಲ್ಲಿ ಮಣಿ, ದಾರ, ಕೊಂಡಿಗಳ ಸಗಟು ವ್ಯಾಪಾರ. ಮಲಾಡಿನಲ್ಲಿ ಕೃತಕ ಆಭರಣಗಳ ದೊಡ್ಡ ಉದ್ಯಮ. 1999ರಿಂದ ನಡೆಯುತ್ತಿರುವ ಕಾಲಾ ಘೋಡಾ ಕಲಾ ಉತ್ಸವದಂಥ ಕಡೆ ಕೈಮಣಿಗೆ ಬೆಲೆ ಕೊಡುವ ಕೊಳ್ಳುಗರು ಬರುತ್ತಾರೆ. ಸಗಟು ಗಲ್ಲಿಯ ದರಕ್ಕೆ ಕೈಮಣಿ ಮಾರಲು ಹೊರಟವರು ಉಳಿಯಲಾರರು. ಒಂದು ಹೊದಿಕೆಯ ಮಣಿಗೆ ಉರಿಯ ಮುಂದೆಯೇ ಅರ್ಧ ಗಂಟೆ ಹಿಡಿಯಬಹುದು. ಅನಿಲ, ಕುಲುಮೆಯ ಕರೆಂಟು, ಸೀಳಿಹೋದ ಮಣಿಗಳ ನಷ್ಟ ಎಲ್ಲವೂ ಉಳಿದ ಮಣಿಗಳ ಬೆಲೆಯಲ್ಲೇ ಬರಬೇಕು.

ಕುಲುಮೆಯಿಂದ ತೆಗೆದ ಮಣಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದನ್ನು ಕಂಬಿಯಿಂದ ತಿರುಚಿ ಬಿಡಿಸಿ, ತೂತಿನೊಳಗೆ ಉಳಿದ ಜೇಡಿಯ ಲೇಪವನ್ನು ವಜ್ರದ ಪುಡಿ ಅಂಟಿಸಿದ ಅರದಿಂದ ಉಜ್ಜಬೇಕು. ಉಜ್ಜುವುದು ನೀರಿನೊಳಗೇ; ಒಣದಾಗಿ ಉಜ್ಜಿದರೆ ಏಳುವ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಲೇಪ ಉಳಿದ ಮಣಿ ದಾರವನ್ನು ಮಾಸಿಸುತ್ತದೆ, ಪಾರದರ್ಶಕ ಮಣಿಯ ಅಂದವನ್ನೂ ಕೆಡಿಸುತ್ತದೆ.

ಕೊಳ್ಳುವವರಿಗೆ ಬೇಕಿರುವುದು ಒಂದು ಸಣ್ಣ ಭೂತಗನ್ನಡಿ. ಸುತ್ತಿದ ಮಣಿಯಲ್ಲಿ ಗುಳ್ಳೆಗಳೂ ಬಣ್ಣದ ಎಳೆಗಳೂ ತೂತಿನ ಸುತ್ತ ಬಳಸಿಕೊಂಡಿರುತ್ತವೆ. ಎಳೆದ ಕೊಳವೆಯಿಂದ ಕತ್ತರಿಸಿದ ಮಣಿಯಲ್ಲಿ ಅವು ಉದ್ದುದ್ದವಾಗಿ, ತೂತಿಗೆ ಸಮಾನಾಂತರವಾಗಿ ಓಡುತ್ತವೆ. ಅಚ್ಚಿನಲ್ಲಿ ಒತ್ತಿದ ಮಣಿಗೆ ಎರಡು ಅರ್ಧಗಳು ಕೂಡಿದ ಗೆರೆ ಇರುತ್ತದೆ. ಮಸ್ಕಿಯ ಮಣಿಯನ್ನು ಪರೀಕ್ಷಿಸುವ ಪುರಾತತ್ತ್ವಜ್ಞರೂ, ಕುರ್ಲಾದ ಅಂಗಡಿಯಲ್ಲಿ ಕರಿಮಣಿ ಆರಿಸುವ ಗೃಹಿಣಿಯೂ ಇದೇ ಗುರುತುಗಳಿಂದ ಮಣಿ ಹೇಗೆ ತಯಾರಾಯಿತೆಂದು ತಿಳಿದುಕೊಳ್ಳಬಹುದು.